ಮೊದಲು ಸೌಂಡ್ ಕಾರ್ಡ್ ನೋಡಿ, ಆಮೇಲೆ ಹೆಡ್‌ಫೋನ್: ಡಿಟಿ 770 ಪ್ರೊ ಬಗ್ಗೆ ಮಂಡ್ಯದಿಂದ

ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ ಹೆಡ್‌ಫೋನ್ ಮೂರು ಥರ ಸಿಗುತ್ತದೆ: 32 ಓಮ್, 80 ಓಮ್, 250 ಓಮ್. ಓಮ್ ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅನ್ನುವ ಅಳತೆ. ನೋಡೋಕೆ ಮೂರೂ ಹೆಚ್ಚು ಕಡಿಮೆ ಒಂದೇ. ‘ಓಮ್ ಜಾಸ್ತಿ ಇದ್ದಷ್ಟೂ ಕ್ವಾಲಿಟಿ ಜಾಸ್ತಿ’ ಅಂತ ಅಂಗಡಿಗಳಲ್ಲಿ ಹೇಳುವುದುಂಟು. ಅದನ್ನು ನಂಬಬೇಡಿ. ನಾನು ತೆಗೆದುಕೊಂಡದ್ದು 80 ಓಮ್‌ದು. ಅದನ್ನು ಆರಿಸಿಕೊಟ್ಟದ್ದು ನನ್ನ ಕಂಪ್ಯೂಟರಿನಲ್ಲಿರುವ ಸೌಂಡ್ ಕಾರ್ಡ್, ಅಂದರೆ ಕಂಪ್ಯೂಟರಿನ ಸದ್ದನ್ನು ಹೆಡ್‌ಫೋನಿಗೆ ಕೊಡುವ ಕಾರ್ಡ್.

ಮಂಡ್ಯದ ನೂರಡಿ ರಸ್ತೆಯಲ್ಲಿ ಮೊದಲ ಮಹಡಿಯ ಒಂದು ಚಿಕ್ಕ ರೂಮಿನಲ್ಲಿ ನನ್ನ ಕೆಲಸ. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋ ಎಡಿಟ್ ಮಾಡುತ್ತೇನೆ. ಚಿತ್ರ ಚೆನ್ನಾಗಿದ್ದು ಸೌಂಡ್ ಕೆಟ್ಟಿದ್ದರೆ ಜನ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಚಿತ್ರ ಸುಮಾರಾಗಿದ್ದು ಸೌಂಡ್ ಚೆನ್ನಾಗಿದ್ದರೆ ಪೂರ್ತಿ ನೋಡುತ್ತಾರೆ. ಹಾಗಾಗಿ ಕ್ಯಾಮೆರಾ ಲೆನ್ಸಿಗಿಂತ ಹೆಡ್‌ಫೋನ್ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇನೆ.

ನನ್ನ ಹತ್ತಿರ ಇರುವುದು ಆಸುಸ್ ಝೋನಾರ್ ಎಸೆನ್ಸ್ ಎಸ್‌ಟಿಎಕ್ಸ್ ಕಾರ್ಡ್. 2009ರಲ್ಲಿ ಬಂದದ್ದು. ನನಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಹಳೆಯದಾದರೂ ಗಟ್ಟಿ ಕಾರ್ಡ್. ಹೆಡ್‌ಫೋನ್‌ಗೆ ಅಂತಲೇ ಬೇರೆ ಆಂಪ್ಲಿಫೈಯರ್ ಚಿಪ್ ಇದೆ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ6120ಎ2. ಹಿಂದುಗಡೆ ದಪ್ಪ 6.3 ಎಂಎಂ ಜ್ಯಾಕ್ ಇದೆ. ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬ ಎಸ್‌ಎಂಪಿಎಸ್‌ನಿಂದ ನಾಲ್ಕು ಪಿನ್ನಿನ ಪವರ್ ವೈರನ್ನು ನೇರವಾಗಿ ಕಾರ್ಡಿಗೇ ಕೊಡಬೇಕು. ಆ ವೈರ್ ಕೊಡುವಾಗಲೇ ಗೊತ್ತಾಗುತ್ತದೆ, ಈ ಕಾರ್ಡಿಗೆ ಶಕ್ತಿ ಕಡಿಮೆ ಇಲ್ಲ ಅಂತ.

ಶಕ್ತಿ ಇದ್ದರೆ ಯಾವ ಹೆಡ್‌ಫೋನ್ ಆದರೂ ನಡೆಯಬೇಕಲ್ವಾ? ನಡೆಯುತ್ತದೆ. ಆದರೆ ಚೆನ್ನಾಗಿ ನಡೆಯಬೇಕಾದರೆ ಇನ್ನೊಂದು ಲೆಕ್ಕ ಇದೆ. ಅದು ಔಟ್‌ಪುಟ್ ಇಂಪೀಡೆನ್ಸ್. ಹೆಡ್‌ಫೋನಿಗೆ ಓಮ್ ಇರುವ ಹಾಗೆ ಕಾರ್ಡಿನ ಹೆಡ್‌ಫೋನ್ ಜ್ಯಾಕಿಗೂ ತನ್ನದೇ ಓಮ್ ಇರುತ್ತದೆ. ಇದನ್ನು ಡಬ್ಬದ ಮೇಲೆ ಬರೆಯುವುದು ತೀರಾ ಕಮ್ಮಿ. ನಮ್ಮ ಕಡೆಯವರಿಗೆ ಕಾಲುವೆಯ ತೂಬಿನ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ತೂಬು ಕಿರಿದಾಗಿದ್ದರೂ ಸ್ವಲ್ಪ ನೀರು ಸಾಕು ಅನ್ನುವ ಗದ್ದೆಗೆ ತೊಂದರೆ ಇಲ್ಲ. ಜಾಸ್ತಿ ನೀರು ಎಳೆಯುವ ಗದ್ದೆಗೆ ತಿರುಗಿಸಿದ ಕೂಡಲೇ ಮಟ್ಟ ಇಳಿದುಬಿಡುತ್ತದೆ. ಜ್ಯಾಕಿನ ಓಮ್ ಜಾಸ್ತಿ ಅಂದರೆ ತೂಬು ಕಿರಿದು. ಹೆಡ್‌ಫೋನಿನ ಓಮ್ ಕಡಿಮೆ ಅಂದರೆ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ.

ಇದರಿಂದ ಬರೀ ವಾಲ್ಯೂಮ್ ಇಳಿದಿದ್ದರೆ ಏನೂ ಮಾತಿರಲಿಲ್ಲ, ನಾಬ್ ತಿರುಗಿಸಿದರೆ ಆಯಿತು. ತೊಂದರೆ ಇರುವುದು ಬೇರೆ ಕಡೆ. ಹೆಡ್‌ಫೋನಿನ ಓಮ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಡಬ್ಬದ ಮೇಲೆ 32 ಅಂತ ಇದ್ದರೂ ಬಾಸ್ (ತಗ್ಗಿನ ದಪ್ಪ ಸ್ವರ) ಬರುವ ಜಾಗದಲ್ಲಿ ಅದು 60ಕ್ಕೆ ಏರಬಹುದು. ಜ್ಯಾಕಿನ ಓಮ್ 10 ಇದೆ ಅಂದುಕೊಳ್ಳಿ. ಆಗ ಬಾಸ್ ಮಿಕ್ಕಿದ್ದಕ್ಕಿಂತ ಸುಮಾರು 1 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಉಬ್ಬುತ್ತದೆ. ಜ್ಯಾಕಿನದು 22 ಓಮ್ ಆದರೆ ಉಬ್ಬು ಹತ್ತಿರ ಹತ್ತಿರ 2 ಡೆಸಿಬಲ್. ಹಾಡು ಕೇಳುವವರಿಗೆ ಅದು ಇಷ್ಟವೂ ಆಗಬಹುದು. ನಾನು ಡೋಲಿನ ಸದ್ದನ್ನು ಎಷ್ಟು ಇಳಿಸಬೇಕು ಅಂತ ಅಳೆಯುವವನು. ನನ್ನ ಅಳತೆಗೋಲೇ ಉಬ್ಬಿದ್ದರೆ ಏನು ಮಾಡಲಿ?

ಇದಕ್ಕೆ ಬಳಕೆಯಲ್ಲಿರುವ ಸೂತ್ರ ಸುಲಭ. ಹೆಡ್‌ಫೋನಿನ ಓಮ್, ಜ್ಯಾಕಿನ ಓಮ್‌ಗಿಂತ ಎಂಟು ಪಟ್ಟಾದರೂ ಇರಬೇಕು. ನನ್ನ ಎಸ್‌ಟಿಎಕ್ಸ್ ಜ್ಯಾಕಿನದು ಸುಮಾರು 10 ಓಮ್. ಎಂಟು ಪಟ್ಟು ಅಂದರೆ 80. 32 ಓಮ್‌ದು ಸಾಲದು, 250ರ ತನಕ ಹೋಗಬೇಕಿಲ್ಲ. ಡಿಟಿ 770 ಪ್ರೊನಲ್ಲಿ ನನಗೆ ಯಾವುದು ಬೇಕು ಅನ್ನುವುದು ಅಲ್ಲಿಗೇ ತೀರ್ಮಾನವಾಯಿತು.

ನಿಮ್ಮ ಕಾರ್ಡ್ ಬೇರೆಯಾಗಿದ್ದರೆ ಉತ್ತರವೂ ಬೇರೆ. ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್‌ಎಕ್ಸ್ ಎಇ-5 ಕಾರ್ಡ್ 2017ರದು. ಅದರ ಹೆಡ್‌ಫೋನ್ ಜ್ಯಾಕ್ 1 ಓಮ್ ಅಂತ ಕಂಪನಿಯೇ ಹೇಳುತ್ತದೆ. ಅದು ಇದ್ದವರು 32 ಓಮ್‌ದನ್ನು ಧೈರ್ಯವಾಗಿ ಹಾಕಬಹುದು.

ಕೊಳ್ಳುವ ಮುಂಚೆ ಮೂರು ಹೆಡ್‌ಫೋನ್ ಕೇಳಿದೆ. ಮಂಡ್ಯದಲ್ಲಿ ಇಂಥವು ಕೇಳಲು ಸಿಗುವುದಿಲ್ಲ. ಮೈಸೂರಿನ ಒಂದು ದೊಡ್ಡ ಅಂಗಡಿಗೆ ಹೋದೆ. ಹೆಸರು ಬೇಡ. ಡಬ್ಬ ತೋರಿಸಿದರು, ತೆಗೆಯಲು ಬಿಡಲಿಲ್ಲ. ‘ಸೀಲ್ ಒಡೆದರೆ ನೀವೇ ತಗೋಬೇಕು ಸಾರ್’ ಅಂದರು. ಹತ್ತು ಹದಿನೈದು ಸಾವಿರದ ಸಾಮಾನನ್ನು ಕಿವಿಗೆ ಹಾಕದೆ ಕೊಳ್ಳಿ ಅನ್ನುವುದು ಯಾವ ನ್ಯಾಯ? ಚಪ್ಪಲಿ ಅಂಗಡಿಯಲ್ಲಿ ಹೀಗೆ ಹೇಳಿದರೆ ಯಾರಾದರೂ ಒಪ್ಪುತ್ತಾರಾ? ಡೆಮೊಗೆ ಅಂತ ಒಂದು ಪೀಸ್ ಹೊರಗಿಟ್ಟರೆ ಅವರಿಗೇ ವ್ಯಾಪಾರ. ಈ ಮಾತನ್ನು ಅವರಿಗೂ ಹೇಳಿ ಬಂದೆ.

ಕೊನೆಗೆ ಕೈ ಹಿಡಿದದ್ದು ಯಾದವಗಿರಿಯಲ್ಲಿರುವ ಗೆಳೆಯ. ಪಿಟೀಲು ನುಡಿಸುತ್ತಾನೆ, ಪಾಠಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡುತ್ತಾನೆ. ಅವನ ಮನೆ ಇರುವುದು ಆಕಾಶವಾಣಿಯ ಹತ್ತಿರ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಊರು ಇದು. ಸೌಂಡ್ ಬಗ್ಗೆ ಹುಚ್ಚು ಇರುವವರು ಮೈಸೂರಿನಲ್ಲಿ ಇಂದಿಗೂ ಸಿಗುತ್ತಾರೆ ಅನ್ನುವುದು ನನಗೆ ತುಂಬಾ ಖುಷಿಯ ವಿಷಯ. ಅವನ ಹತ್ತಿರ ಸೆನ್‌ಹೈಸರ್ ಎಚ್‌ಡಿ 600 ಇತ್ತು, ಆಡಿಯೋ-ಟೆಕ್ನಿಕಾ ಎಟಿಎಚ್-ಎಂ40ಎಕ್ಸ್ ಇತ್ತು. ಡಿಟಿ 770 ಪ್ರೊ 80 ಓಮ್‌ದು ಅವನ ಶಿಷ್ಯನದು. ‘ತಗೊಂಡು ಹೋಗು ಗುರು, ನಿನ್ನ ಕಾರ್ಡಿಗೇ ಹಾಕಿ ಕೇಳು. ನನ್ನ ಮನೆಯಲ್ಲಿ ಕೇಳಿ ಏನು ಪ್ರಯೋಜನ?’ ಅಂತ ಮೂರನ್ನೂ ಚೀಲಕ್ಕೆ ಹಾಕಿಕೊಟ್ಟ. ಎಲ್ಲರಿಗೂ ಇಂಥ ಗೆಳೆಯ ಸಿಗಲಿ.

ಎಂ40ಎಕ್ಸ್ ಬಗ್ಗೆ ಮೊದಲು. 35 ಓಮ್, ಕ್ಲೋಸ್ಡ್ ಬ್ಯಾಕ್, ಅಂದರೆ ಕಿವಿಯ ಮೇಲೆ ಕೂರುವ ಕಪ್ಪಿನ ಹಿಂಭಾಗ ಮುಚ್ಚಿದ್ದು. ಬೆಲೆಯಲ್ಲಿ ಮೂರರಲ್ಲೂ ಕಡಿಮೆ. ಕೇಬಲ್ ಬಿಚ್ಚಬಹುದು, ಎರಡು ಕೇಬಲ್ ಜೊತೆಗೇ ಬರುತ್ತವೆ. ಮಾತು ಸ್ಪಷ್ಟ. ಕಂಪ್ಯೂಟರಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿನ ಸೌಂಡಿನಲ್ಲೂ, ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುತ್ತದೆ. ಮದುವೆ ಮನೆಯಲ್ಲೇ ಕ್ಯಾಮೆರಾಗೆ ಹಾಕಿಕೊಂಡು ಕೇಳಲು ಇದಕ್ಕಿಂತ ಬೇರೆ ಬೇಡ. ಆದರೆ ಪ್ಯಾಡ್ ರೆಕ್ಸಿನ್ ಥರದ್ದು. ಏಪ್ರಿಲ್ ತಿಂಗಳ ಮಂಡ್ಯದ ಸೆಕೆಯಲ್ಲಿ ಕಿವಿ ಬೆವೆತು ಪ್ಯಾಡ್ ಜಾರುತ್ತದೆ. ತಲೆಗೆ ಹಿಡಿತವೂ ಸ್ವಲ್ಪ ಬಿಗಿ. ಲಗ್ನದ ಸೀಸನ್ನಿನಲ್ಲಿ ದಿನಪೂರ್ತಿ ಹಾಕಿಕೊಳ್ಳುವವನಿಗೆ ಇದು ಸಣ್ಣ ಮಾತಲ್ಲ.

ಎಚ್‌ಡಿ 600 ಬೇರೆಯದೇ ಲೋಕ. 1997ರಿಂದ ಮಾರುಕಟ್ಟೆಯಲ್ಲಿದೆ, ಇನ್ನೂ ಜನ ಕೇಳಿ ಕೊಳ್ಳುತ್ತಾರೆ. 300 ಓಮ್, ಓಪನ್ ಬ್ಯಾಕ್. ಗೆಳೆಯನ ಪಿಟೀಲು ಅದರಲ್ಲಿ ಕೇಳಿದಾಗ ಕಮಾನು ತಂತಿಯ ಮೇಲೆ ತಿರುಗುವ ಸದ್ದೂ ಇತ್ತು. ನನ್ನ ಕಾರ್ಡಿಗೆ ಅದು ಭಾರವೂ ಅಲ್ಲ. ಎಸ್‌ಟಿಎಕ್ಸ್ ಸಾಫ್ಟ್‌ವೇರಿನಲ್ಲಿ ಹೆಡ್‌ಫೋನ್ ಗೇನ್ (ಸದ್ದನ್ನು ಎಷ್ಟು ಏರಿಸಿ ಕೊಡಬೇಕು ಅನ್ನುವುದು) ಅಂತ ಮೂರು ಹಂತ ಇವೆ: 64 ಓಮ್ ಒಳಗಿನದಕ್ಕೆ, 64ರಿಂದ 300ಕ್ಕೆ, 300ರಿಂದ 600ಕ್ಕೆ. ಮಧ್ಯದ್ದು ಇಟ್ಟರೇ ಸಾಕಾಗಿತ್ತು. ಇಂಪೀಡೆನ್ಸ್ ಸೂತ್ರದ ಪ್ರಕಾರವೂ 10 ಓಮ್ ಜ್ಯಾಕಿಗೆ 300 ಓಮ್ ಹೆಡ್‌ಫೋನ್ ತುಂಬಾ ಒಳ್ಳೆಯ ಜೋಡಿ.

ಆದರೂ ನಾನು ಅದನ್ನು ಕೊಳ್ಳಲಿಲ್ಲ. ಕಾರಣ ನನ್ನ ರೂಮು. ಓಪನ್ ಬ್ಯಾಕ್ ಅಂದರೆ ಕಪ್ಪಿನ ಹಿಂಭಾಗ ಬರೀ ಜಾಲರಿ. ಹೊರಗಿನ ಸದ್ದೆಲ್ಲ ಒಳಗೆ ಬರುತ್ತದೆ. ನಮ್ಮ ಕಟ್ಟಡದ ಕೆಳಗೆ ಕಬ್ಬಿನ ಹಾಲಿನ ಅಂಗಡಿ ಇದೆ. ಗಾಣಕ್ಕೆ ಗೆಜ್ಜೆ ಕಟ್ಟಿದ್ದಾರೆ. ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಅದು ಝಲ್ ಝಲ್ ಅನ್ನುತ್ತಲೇ ಇರುತ್ತದೆ. ವಾಲಗದ ತಾಳದ ಸದ್ದು ಯಾವುದು, ಕೆಳಗಿನ ಗೆಜ್ಜೆ ಯಾವುದು ಅಂತ ನಿಲ್ಲಿಸಿ ನಿಲ್ಲಿಸಿ ನೋಡಬೇಕಾಯಿತು. ನನ್ನ ಜೊತೆ ಕೆಲಸ ಮಾಡುವ ಹುಡುಗ ಪಕ್ಕದಲ್ಲೇ ಕೂರುತ್ತಾನೆ. ‘ಅಣ್ಣ, ನೀವು ಕೇಳೋದೆಲ್ಲ ನನಗೂ ಕೇಳುಸ್ತಾ ಐತೆ’ ಅಂದ. ಒಬ್ಬರೇ ಕೂರುವ ಸದ್ದಿಲ್ಲದ ಕೋಣೆ ಇದ್ದು, ದುಡ್ಡೂ ಇದ್ದರೆ ಎಚ್‌ಡಿ 600 ತಗೊಳ್ಳಿ, ಎರಡನೇ ಯೋಚನೆ ಬೇಡ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಕಾರ್ಡ್ ಇಲ್ಲದೆ ಮದರ್‌ಬೋರ್ಡಿನ ಹಸಿರು ಜ್ಯಾಕಿಗೇ ಹೆಡ್‌ಫೋನ್ ಹಾಕುವವರಿಗೆ ಇದು ಬೇಕು. ಜ್ಯಾಕಿನಿಂದ 1 ವೋಲ್ಟ್ ಬರುತ್ತದೆ ಅಂತ ಇಟ್ಟುಕೊಳ್ಳಿ. ಕಂಪನಿಗಳು ಕೊಟ್ಟಿರುವ ಸೆನ್ಸಿಟಿವಿಟಿ (ಇಷ್ಟು ಶಕ್ತಿಗೆ ಎಷ್ಟು ಜೋರು ಅನ್ನುವ) ಅಂಕಿ ಹಿಡಿದು ಲೆಕ್ಕ ಹಾಕಿದರೆ ಎಂ40ಎಕ್ಸ್ ಸುಮಾರು 112 ಡೆಸಿಬಲ್ ತನಕ ಹೋಗುತ್ತದೆ. ಡಿಟಿ 770 ಪ್ರೊ 80 ಓಮ್ ಸುಮಾರು 107. ಎಚ್‌ಡಿ 600 ಸುಮಾರು 102. ನೂರು ದಾಟಿದರೆ ಸಾಕಲ್ವಾ ಅನ್ನಬೇಡಿ. ಇದು ಅತಿ ಜೋರಾದ ಕ್ಷಣದ ಅಂಕಿ. ಗಟ್ಟಿಮೇಳದ ಡೋಲಿನ ಏಟಿಗೂ ಪುರೋಹಿತರ ಮಾತಿಗೂ 20 ಡೆಸಿಬಲ್ ಅಂತರ ಸುಲಭವಾಗಿ ಇರುತ್ತದೆ. ಏಟು 102ಕ್ಕೆ ನಿಂತರೆ ಮಾತು 82ಕ್ಕೆ ಬರುತ್ತದೆ. ಅದರಲ್ಲೂ ಮೆಲ್ಲಗೆ ರೆಕಾರ್ಡ್ ಆದ ಫೈಲ್ ಆದರೆ ಇನ್ನೂ ಕೆಳಗೆ. ಆಗ ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲದು ಅನ್ನಿಸುತ್ತದೆ. ಮದರ್‌ಬೋರ್ಡ್ ಸೌಂಡ್ ಇದ್ದವರು ಎಂ40ಎಕ್ಸ್ ಥರದ್ದೇ ತಗೊಳ್ಳಿ. 250, 300 ಓಮ್ ಆಸೆ ಕಾರ್ಡ್ ಬಂದಮೇಲೆ ಇಟ್ಟುಕೊಳ್ಳಿ.

ಈಗ ಡಿಟಿ 770 ಪ್ರೊಗೆ ಬರುತ್ತೇನೆ. ನನಗೆ ಬಿದ್ದದ್ದು 14 ಸಾವಿರ ಚಿಲ್ಲರೆ. ಜರ್ಮನಿಯಲ್ಲಿ ತಯಾರಾದದ್ದು. ಮುಟ್ಟಿದ ತಕ್ಷಣ ಗೊತ್ತಾಗುವುದು ಅದರ ಬೂದು ಬಣ್ಣದ ವೆಲ್ವೆಟ್ ಪ್ಯಾಡ್. ಕಿವಿ ಪೂರ್ತಿ ಒಳಗೆ ಹೋಗುತ್ತದೆ, ಎಲ್ಲೂ ಒತ್ತುವುದಿಲ್ಲ. ಸೆಕೆಗೆ ರೆಕ್ಸಿನ್‌ಗಿಂತ ಎಷ್ಟೋ ವಾಸಿ. 32 ಓಮ್ ಮಾಡೆಲ್ಲಿಗೆ ಈ ವೆಲ್ವೆಟ್ ಬರುವುದಿಲ್ಲ, ಅದು ಮೆತ್ತನೆಯ ರೆಕ್ಸಿನ್. ಹೊರಗಿನ ಸದ್ದು ಚೆನ್ನಾಗಿ ನಿಲ್ಲುತ್ತದೆ. ಕೆಳಗಿನ ಗೆಜ್ಜೆ ಕೇಳುವುದೇ ಇಲ್ಲ ಅಂತಲ್ಲ, ಆದರೆ ಕೆಲಸಕ್ಕೆ ಅಡ್ಡ ಬರುವುದಿಲ್ಲ.

ಮದ್ದೂರು ಕಡೆಯ ಒಂದು ಹಳ್ಳಿ ಮದುವೆಯ ಫೈಲ್ ಇಟ್ಟುಕೊಂಡು ಇದನ್ನು ಪರೀಕ್ಷೆ ಮಾಡಿದೆ. ಚಪ್ಪರದ ಕೆಳಗೆ ಹುಡುಗಿಗೆ ಅರಿಶಿಣ ಹಚ್ಚುತ್ತಿದ್ದಾರೆ. ಒಂದು ಕಡೆ ವಾಲಗ. ಮನೆ ಹಿಂದೆ ಜನರೇಟರ್. ಮಧ್ಯೆ ನಾಲ್ಕೈದು ಜನ ಅಜ್ಜಿಯರು ಸೋಬಾನೆ ಹೇಳುತ್ತಿದ್ದಾರೆ. ಹುಡುಗಿಯ ತಂದೆ ಕ್ಯಾಮೆರಾದ ಮೆಮೊರಿ ಕಾರ್ಡ್ ತಂದುಕೊಟ್ಟು ಹೇಳಿದ್ದು ಇಷ್ಟೇ: ‘ಮಿಕ್ಕಿದ್ದು ನೀನು ಹೆಂಗಾರ ಮಾಡ್ಕಳಪ್ಪ. ನಮ್ಮವ್ವ ಹಾಡಿರೋದು ಮಾತ್ರ ಚೆಂದಾಗಿ ಕೇಳಂಗೆ ಮಾಡ್ಕೊಡು.’ ಸೋಬಾನೆ ಹೇಳುವವರು ಊರೂರಲ್ಲೂ ಕಡಿಮೆ ಆಗುತ್ತಿದ್ದಾರೆ. ಈ ಹಾಡುಗಳು ಬರೆದಿಟ್ಟದ್ದಲ್ಲ. ಆ ಅಜ್ಜಿಯ ಬಾಯಲ್ಲಿ ಬಂದದ್ದು ಆ ಫೈಲಿನಲ್ಲಿ ಮಾತ್ರ ಇದೆ. ಇಂಥ ಕೆಲಸ ಬಂದಾಗ ನಾನು ಬೇರೆ ಎಲ್ಲ ಪಕ್ಕಕ್ಕಿಡುತ್ತೇನೆ.

ಎಂ40ಎಕ್ಸ್‌ನಲ್ಲಿ ಅಜ್ಜಿಯ ದನಿ ಕೇಳುತ್ತಿತ್ತು, ಪದಗಳೂ ಗೊತ್ತಾಗುತ್ತಿದ್ದವು. ಡಿಟಿ 770ರಲ್ಲಿ ಅದರ ಹಿಂದೆ ಇನ್ನೊಬ್ಬರು ಸೊಲ್ಲು ಎತ್ತಿಕೊಳ್ಳುವುದು ಬೇರೆಯಾಗಿ ಕೇಳಿತು. ಮೊದಲನೆಯವರು ಉಸಿರು ಎಳೆದುಕೊಳ್ಳುವ ಜಾಗದಲ್ಲಿ ಎರಡನೆಯವರು ಶುರು ಮಾಡುತ್ತಾರೆ. ಅದು ಗೊತ್ತಾದ ಮೇಲೆ ಎಲ್ಲಿ ಕತ್ತರಿಸಬಾರದು ಅನ್ನುವುದೂ ಗೊತ್ತಾಯಿತು. ಜನರೇಟರಿನ ಗುಂಯ್ ಸದ್ದು ಇನ್ನೊಂದು ಕಥೆ. ಮನೆ ಕರೆಂಟಿನಿಂದ ಬರುವ ಗುಂಯ್, ಅಂದರೆ ಹಮ್, 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ), ಅದರ ದುಪ್ಪಟ್ಟು 100, ಆಮೇಲೆ 150, ಹೀಗೆ ಲೆಕ್ಕಕ್ಕೆ ಸಿಗುತ್ತದೆ. ಜನರೇಟರ್ ಹಾಗಲ್ಲ. ಲೋಡ್ ಏರಿಳಿದಂತೆ ಅದು 50ರಿಂದ ಆಚೀಚೆ ಸರಿಯುತ್ತದೆ. ಸಾಫ್ಟ್‌ವೇರಿನಲ್ಲಿ 50ಕ್ಕೆ ಅಂತ ಕಿರಿದಾದ ಫಿಲ್ಟರ್ ಹಾಕಿದರೆ ಸದ್ದು ತಪ್ಪಿಸಿಕೊಳ್ಳುತ್ತದೆ. ಫಿಲ್ಟರನ್ನು ಸ್ವಲ್ಪ ಅಗಲ ಮಾಡಬೇಕು. ಎಷ್ಟು ಅಗಲ ಅನ್ನುವುದನ್ನು ಕಿವಿಯೇ ಹೇಳಬೇಕು. ಡಿಟಿ 770ರಲ್ಲಿ ಬಾಸ್ ಆಳದ ತನಕ ಇಳಿಯುವುದರಿಂದ ಆ ಗುಂಯ್ ಎಲ್ಲಿ ಉಳಿದಿದೆ ಅಂತ ಸರಿಯಾಗಿ ಸಿಕ್ಕಿತು. 120 ಹರ್ಟ್ಸ್ ಕೆಳಗಿನದನ್ನು ಪೂರ್ತಿ ತೆಗೆದರೂ ಅಜ್ಜಿಯ ದನಿಗೆ ಏನೂ ಆಗಲಿಲ್ಲ. ವಾಲಗವನ್ನು ತಗ್ಗಿಸಿದೆ, ತೆಗೆದುಹಾಕಲಿಲ್ಲ. ವಾಲಗವೇ ಇಲ್ಲದಿದ್ದರೆ ಅದು ಮದುವೆ ಮನೆ ಅನ್ನಿಸುವುದಿಲ್ಲ.

ಕೊರತೆಗಳೂ ಇವೆ, ಅವನ್ನೂ ಹೇಳಲೇಬೇಕು. 8–9 ಸಾವಿರ ಹರ್ಟ್ಸ್ ಹತ್ತಿರ ಈ ಹೆಡ್‌ಫೋನ್ ಚೂಪು. ‘ಸ’, ‘ಶ’ ಬಂದಾಗ ಸೂಜಿ ಚುಚ್ಚಿದ ಹಾಗೆ. ತಾಳದ ಸದ್ದು ಇರುವುದಕ್ಕಿಂತ ಮುಂದೆ ಬರುತ್ತದೆ. ಇದನ್ನೊಂದೇ ನಂಬಿ ಆ ಭಾಗ ಇಳಿಸುತ್ತಾ ಹೋದರೆ ಟಿವಿಯಲ್ಲಿ ಮಾತು ಮಂಕಾಗುತ್ತದೆ. ಬಾಸೂ ಇರುವುದಕ್ಕಿಂತ ಸ್ವಲ್ಪ ಜಾಸ್ತಿಯೇ. ಹಾಗಾಗಿ ಕೊನೆಯ ಮಿಕ್ಸನ್ನು ಒಂದು ಸಾದಾ ಟಿವಿಯಲ್ಲಿ, ಒಂದು ಮೊಬೈಲ್ ಸ್ಪೀಕರಿನಲ್ಲಿ ಕೇಳಿಯೇ ಕೊಡುತ್ತೇನೆ. ಗಿರಾಕಿಗಳು ನೋಡುವುದೂ ಅದರಲ್ಲೇ ತಾನೆ. ಇನ್ನು ಕೇಬಲ್. 3 ಮೀಟರ್ ಉದ್ದ, ಕಪ್ಪಿಗೇ ಕಾಯಂ ಆಗಿ ಸೇರಿಸಿದ್ದಾರೆ. ಕುರ್ಚಿ ಚಕ್ರಕ್ಕೆ ಸಿಕ್ಕಿ ಹರಿದರೆ ಸೋಲ್ಡರಿಂಗ್ ಮಾಡಿಸಬೇಕು. ಇಷ್ಟು ಬೆಲೆಗೆ ಬಿಚ್ಚುವ ಕೇಬಲ್ ಕೊಡಬಹುದಿತ್ತು. ನಾನು ಮೇಜಿನ ಕೆಳಗೆ ಕೊಕ್ಕೆ ಹಾಕಿ ಸುತ್ತಿಟ್ಟಿದ್ದೇನೆ.

ಕಾರ್ಡಿನ ಕಡೆಯೂ ಕೆಲವು ಕೆಲಸ ಮಾಡಿಕೊಳ್ಳಿ, ಇಲ್ಲದಿದ್ದರೆ ಒಳ್ಳೆಯ ಹೆಡ್‌ಫೋನಿನಲ್ಲಿ ಕೆಟ್ಟ ಸದ್ದೇ ಇನ್ನೂ ಚೆನ್ನಾಗಿ ಕೇಳುತ್ತದೆ. ಕಾರ್ಡನ್ನು ಗ್ರಾಫಿಕ್ಸ್ ಕಾರ್ಡಿನಿಂದ ಆದಷ್ಟು ದೂರದ ಸ್ಲಾಟಿಗೆ ಹಾಕಿ. ಕ್ಯಾಬಿನೆಟ್ ಮುಂದಿನ ಜ್ಯಾಕ್ ಬೇಡ. ಅದರ ವೈರ್ ಕ್ಯಾಬಿನೆಟ್ಟಿನ ಒಳಗೆಲ್ಲ ಸುತ್ತಿ ಬರುತ್ತದೆ, ಮೌಸ್ ಅಲ್ಲಾಡಿಸಿದರೆ ಚಿರ್ ಚಿರ್ ಅನ್ನುವುದು ಅದರಿಂದಲೇ. ಹಿಂದಿನ ಜ್ಯಾಕಿಗೆ ಹಾಕಿ. ಆಗಲೂ ಹಮ್ ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಹಳೇ ಕಟ್ಟಡಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಅರ್ಥ್ ವೈರೇ ಬಂದಿರುವುದಿಲ್ಲ.

ಡಾಲ್ಬಿ ಹೆಡ್‌ಫೋನ್, 7.1 ಸರೌಂಡ್ ಅಂತ ಕಾರ್ಡಿನ ಸಾಫ್ಟ್‌ವೇರಿನಲ್ಲಿ ಇರುವುದನ್ನೆಲ್ಲ ಎಡಿಟಿಂಗ್ ಮಾಡುವಾಗ ಆಫ್ ಮಾಡಿ. ಸಿನಿಮಾ ನೋಡುವಾಗ ಬೇಕಾದರೆ ಹಾಕಿಕೊಳ್ಳಿ. ವಿಡಿಯೋ ಕೆಲಸಕ್ಕೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯಬೇಕು ಅನ್ನುವುದು) 48 ಕಿಲೋಹರ್ಟ್ಸ್‌ಗೆ ಇಡಿ, ಕ್ಯಾಮೆರಾಗಳು ರೆಕಾರ್ಡ್ ಮಾಡುವುದೂ ಅದರಲ್ಲೇ.

ಬ್ಲೂಟೂತ್ ಹೆಡ್‌ಫೋನ್ ಆಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಬ್ಲೂಟೂತ್ ಹಾಕಿದರೆ ನಿಮ್ಮ ಸೌಂಡ್ ಕಾರ್ಡ್ ಸುಮ್ನೆ ಕೂತಿರುತ್ತದೆ. ಡಿಜಿಟಲ್ ಸಿಗ್ನಲ್ಲನ್ನು ಸೌಂಡ್ ಮಾಡುವ ಕೆಲಸ ಹೆಡ್‌ಫೋನಿನ ಒಳಗೇ ನಡೆಯುತ್ತದೆ. ಸದ್ದೂ ತಡವಾಗಿ ಬರುತ್ತದೆ. ತಡ 200 ಮಿಲಿಸೆಕೆಂಡ್ ಆದರೆ, ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಲ್ಲಿ ಅದು 5 ಫ್ರೇಮ್. ತಾಳಿ ಕಟ್ಟುವ ಕ್ಷಣದ ಗಟ್ಟಿಮೇಳವನ್ನು ಫ್ರೇಮಿಗೆ ಕೂರಿಸುವವನಿಗೆ 5 ಫ್ರೇಮ್ ಬಹಳ.

ವಾಲ್ಯೂಮ್ ಬಗ್ಗೆ ನನ್ನ ಹುಡುಗನಿಗೆ ದಿನಾ ಹೇಳುವ ಮಾತು ಇಲ್ಲೂ ಹೇಳುತ್ತೇನೆ. 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಅಂತ ಕೆಲಸಗಾರರಿಗೆ ಒಂದು ಮಿತಿ ಹೇಳುತ್ತಾರೆ. 3 ಡೆಸಿಬಲ್ ಏರಿದರೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಎಸ್‌ಟಿಎಕ್ಸ್ ಥರದ ಶಕ್ತಿಯ ಕಾರ್ಡಿನಲ್ಲಿ ಗೇನ್ ಮೇಲಿನ ಹಂತದಲ್ಲಿ ಮರೆತು ಎಂ40ಎಕ್ಸ್ ಹಾಕಿದರೆ ಕಿವಿಗೇ ಅಪಾಯ. ಹೆಡ್‌ಫೋನ್ ಬದಲಿಸುವಾಗ ಮೊದಲು ವಾಲ್ಯೂಮ್ ಇಳಿಸಿ, ಗೇನ್ ನೋಡಿ, ಆಮೇಲೆ ಕಿವಿಗೆ ಹಾಕಿ.

ನನ್ನ ಥರದ ಕಾರ್ಡ್ ಇದ್ದು ಇದನ್ನು ಕೊಳ್ಳುವುದಾದರೆ ಡಬ್ಬದ ಮೇಲೆ 80 ಓಮ್ ಅಂತ ಬರೆದಿರುವುದನ್ನು ಓದಿಯೇ ದುಡ್ಡು ಕೊಡಿ. ಆನ್‌ಲೈನ್‌ನಲ್ಲಿ ಮೂರೂ ಮಾಡೆಲ್ಲಿಗೆ ಒಂದೇ ಫೋಟೋ ಹಾಕಿರುತ್ತಾರೆ. ಸ್ಕ್ರೂ ಥರ ತಿರುಗಿಸಿ ಕೂರಿಸುವ 6.3 ಎಂಎಂ ಅಡಾಪ್ಟರ್ ಜೊತೆಯಲ್ಲಿ ಬರಬೇಕು, ಇದೆಯಾ ನೋಡಿಕೊಳ್ಳಿ. ವೆಲ್ವೆಟ್ ಪ್ಯಾಡ್ ಬಿಡಿಯಾಗಿ ಸಿಗುತ್ತದೆ, ಕೈಯಲ್ಲೇ ಬದಲಿಸಬಹುದು. ನಾನು ಒಂದು ಜೊತೆ ತರಿಸಿ ಇಟ್ಟುಕೊಂಡಿದ್ದೇನೆ, ಬೇಸಿಗೆ ಲಗ್ನಗಳು ಮುಗಿದ ಮೇಲೆ ಬದಲಿಸೋಣ ಅಂತ.